ಗಂಗಕ್ಕನ ಕೈ

ಬಟಾಣಿ ಸಿಪ್ಪೆಯ ಒಳಗೆ ಬೆರಳು ಸರ್ರನೆ ಜಾರಿತು, ಎಷ್ಟು ನುಣುಪು, ಏಳು ಕಾಳು ಬಟ್ಟಲಿಗೆ ಉದುರಿದವು, ಇನ್ನೊಂದು ಕಾಯಿ, ಮತ್ತೆ ಅದೇ ನುಣುಪು, ಎಲ್ಲಿಯೂ ಒಂದು ಉಬ್ಬಿಲ್ಲ ಏರಿಲ್ಲ — ಅಯ್ಯೋ ದೇವರೇ, ನಾನು ಅದನ್ನು ನುಣುಪಾಗಿ ಹೆಣೆದುಬಿಟ್ಟಿದ್ದೇನೆ. ಆ ಇಟ್ಟಿಗೆ ಬಣ್ಣದ ಸ್ವೆಟರನ್ನು. ಬೆನ್ನು, ಎದೆ, ಎರಡು ತೋಳು, ಎಲ್ಲವನ್ನೂ ನನ್ನ ಕೈಗೆ ಬಂದ ಹಾಗೆ, ಗಂಗಕ್ಕನ ಹಾಗೆ ತಿರುಚದೆ. ಗಂಗಕ್ಕ ಕಡ್ಡಿಯನ್ನು ಕುಣಿಕೆಯ ಮುಂದಿನಿಂದ ತೂರಿಸುವವರಲ್ಲ, ಹಿಂದಿನಿಂದ, ಅದಕ್ಕೇ ಅವರ ಒಂದೊಂದು ಕುಣಿಕೆಯೂ ಕಾಲ ಮೇಲೆ ಕಾಲು ಹಾಕಿ ಕೂತಂತೆ ತಿರುಚಿಕೊಂಡಿರುತ್ತದೆ, ಸ್ವೆಟರು ಗಟ್ಟಿಯಾಗುತ್ತದೆ, ಹಿಗ್ಗುವುದಿಲ್ಲ, ಮಗುವಿನ ತಲೆ ತೂರುವುದಿಲ್ಲ ಅಂತ ಭುಜದ ಮೇಲೆ ಮೂರು ಗುಂಡಿ ಇಡುತ್ತಾರೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರೋ ಗಾರ್ಡಿನ ಹೆಂಡತಿಯ ಎದುರು ಕೂತು ಕಲಿತದ್ದಂತೆ, ಪಕ್ಕದಲ್ಲಿ ಕೂತಿದ್ದರೆ ಸರಿಯಾಗಿ ಬರುತ್ತಿತ್ತೇನೋ, ಎದುರು ಕೂತದ್ದಕ್ಕೆ ಹೀಗಾಯಿತು, ಐವತ್ತು ವರ್ಷದಿಂದ ಹೀಗೇ. ಕಣ್ಣು ಮಂಜಾದ ಮೇಲೆ ಅವರು ಹೆಣಿಗೆಯನ್ನು ನೋಡುವುದು ಬಲಗೈ ಹೆಬ್ಬೆರಳಿನಲ್ಲಿ, ಸಾಲಿನ ಮೇಲೆ ಇರುವೆ ನಡೆದ ಹಾಗೆ ಮೆಲ್ಲಗೆ ಒಯ್ಯುತ್ತಾರೆ, ಎಲ್ಲಾದರೂ ತಡೆದರೆ ನಿಲ್ಲುತ್ತಾರೆ. ಇವತ್ತು ಹನ್ನೊಂದಕ್ಕೆ, ಕ್ಲಬ್ಬಿನಲ್ಲಿ ಫೋಟೋ ತೆಗೆಯುವಾಗ, ಆ ಹೆಬ್ಬೆರಳು ಇಟ್ಟಿಗೆ ಬಣ್ಣದ ಮೇಲೆ ಇಳಿಯುತ್ತದೆ. ಈಗ ಎಂಟೂವರೆ. ಬಟಾಣಿ ಇನ್ನೂ ಅರ್ಧ ಚೀಲ ಇದೆ.

ಯಾಕೆ ಕೈ ನಿಂತುಬಿಟ್ಟಿದೆ ಅಂತ ಇವರು ಕೇಳುತ್ತಾರೆ, ಶೂ ಹಾಕಿಕೊಳ್ಳುತ್ತ, ಏನಿಲ್ಲ ಅನ್ನುತ್ತೇನೆ, ಡಬ್ಬಿಗೆ ಚಪಾತಿ, ಹೂಕೋಸಿನ ಪಲ್ಯ, ಮೊಸರು ಬೇಡವಂತೆ ಕೆಮ್ಮಂತೆ. ಇವರಿಗೆ ಎಲ್ಲಾ ಗೊತ್ತು. ಒಂದು ಸ್ವೆಟರನ್ನು ಎರಡು ಸಲ ಹೆಣೆಯುವುದು ನಮ್ಮ ಆಫೀಸಿನ ಫೈಲಿನ ಥರ ಆಯ್ತು ಕಣೇ ಜಲಜಾ, ಕೆಳಗಿನವನು ಬರೀತಾನೆ, ಮೇಲಿನವನು ಹರೀತಾನೆ ಅಂತ ಹೋದ ಚಳಿಗಾಲದಲ್ಲೇ ನಕ್ಕಿದ್ದರು. ಹೋದ ಚಳಿಗಾಲ, ಅದೇ ಶುರು. ಗಂಗಕ್ಕ ಬಿಡಿ ಭಾಗಗಳನ್ನು ಹೆಣೆದು ಕೊಡುತ್ತಾರೆ, ಜೋಡಿಸುವುದಕ್ಕೆ ಕಣ್ಣು ಸಾಲದು, ಜೋಡಿಸುವ ಕೆಲಸ ನನ್ನದು, ನಾನು ಗುರುವಾರದ ಹೆಣಿಗೆ ಗುಂಪು ನಡೆಸುವ ಬಸು ಬೌದಿಗೆ, ಬಂಗಾಳಿಯಲ್ಲಿ ಅತ್ತಿಗೆ, ಮುಟ್ಟಿಸುತ್ತೇನೆ, ಬೌದಿ ಎಲ್ಲ ಹೆಂಗಸರ ಸ್ವೆಟರುಗಳನ್ನೂ ಮೂಟೆ ಕಟ್ಟಿಸಿ ಕ್ಯಾನಿಂಗ್ ಊರಿನ ಕಡೆಯ ಮಕ್ಕಳ ಆಶ್ರಮಕ್ಕೆ ಕಳಿಸುತ್ತಾರೆ. ಹೋದ ಚಳಿಗಾಲದ ಮೊದಲ ಸ್ವೆಟರು, ನೀಲಿ, ದೀಪದ ಕೆಳಗೆ ಹರಡಿದರೆ ತೋಳಿನಲ್ಲಿ ಒಂದು ಕುಣಿಕೆ ಕಳಚಿ ಏಣಿಯ ಹಾಗೆ ಕೆಳಗಿನವರೆಗೂ ಬಿಟ್ಟುಕೊಂಡಿತ್ತು. ಬೌದಿಯ ಕೈಗೆ ಹೋದರೆ, ಅವರು ಒಳ್ಳೆಯವರೇ, ಆದರೆ ತಪ್ಪಾದ ಸ್ವೆಟರನ್ನು ಎಲ್ಲರ ನಡುವೆ ಎತ್ತಿ ಹಿಡಿಯುತ್ತಾರೆ, ಅನಾಥ ಮಕ್ಕಳಿಗೆ ಅಂತ ಹರಕಲು ಕೊಡಬೇಕೇ ಅನ್ನುತ್ತಾರೆ, ಅದೂ ನಿಜವೇ. ಆ ಮಾತು ಗಂಗಕ್ಕನ ಕಿವಿಗೆ ಬೀಳಬಾರದು ಅಂತ ನಾನೇ ಬಿಚ್ಚಿದೆ. ಬಿಚ್ಚಿ ಹೆಣೆದೆ, ತಿರುಚಿ ತಿರುಚಿ, ಅವರ ಕೈಯ ಹಾಗೇ. ಆಮೇಲೆ ಇನ್ನೊಂದು. ಒಂದರ ಬೆನ್ನು ಗೇಣುದ್ದ ಹೆಚ್ಚು, ಇನ್ನೊಂದಕ್ಕೆ ಎರಡೂ ಬಲತೋಳು. ಒಂಬತ್ತು ಸ್ವೆಟರು.

ಹೇಳಬೇಕಾಗಿತ್ತು. ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೆ. ಗಂಗಕ್ಕ ತಮ್ಮ ಕಣ್ಣಿನ ಆಪರೇಷನ್ ಆದ ದಿನ, ಹಸಿರು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತು, ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡು, ನನ್ನ ಕೈ ಕೆಟ್ಟ ದಿವಸ ನೀನ ಹೇಳಬೇಕವಾ ನನಗ, ಮಂದಿ ಹೇಳೂದರೊಳಗ, ಸುಳ್ಳ ಹೊಗಳಬ್ಯಾಡ, ಅಂದಿದ್ದರು. ಹೂಂ ಅಂದಿದ್ದೆ. ಪ್ರತಿ ಗುರುವಾರ ಹೇಳೋಣ ಅಂತಲೇ ಹೋಗುತ್ತೇನೆ, ಅವರು ಬಾ ಅಂತ ಪಕ್ಕದ ಕುರ್ಚಿ ತಟ್ಟುತ್ತಾರೆ, ನಾನು ಕೂರುತ್ತೇನೆ, ಮುಂದಿನ ಗುರುವಾರ ಅಂದುಕೊಳ್ಳುತ್ತೇನೆ.

ಪ್ರತೀಕ್ಷಾ ಜಡೆ ಹಾಕಿಸಿಕೊಳ್ಳಲು ಬಂದು ಬೆನ್ನು ತಿರುಗಿಸಿ ನಿಂತಿದ್ದಾಳೆ, ಜ್ವರ ಬಿಟ್ಟು ನಾಲ್ಕು ದಿನವಾಯಿತು, ಕತ್ತು ಇನ್ನೂ ಸಣ್ಣಗಾಗಿದೆ, ಮೂರು ಕಾಲು ಮಾಡಿ ಹೆಣೆಯುತ್ತೇನೆ, ಎಡ ಬಲ ನಡು, ಕೈ ತನ್ನಷ್ಟಕ್ಕೆ ತಾನು ಹೋಗುತ್ತದೆ, ಹೀಗೆಯೇ ಅಲ್ಲವೇ ತಪ್ಪಾದದ್ದು, ಇವಳ ಜ್ವರದ ಮೂರು ದಿನ ಹಾಸಿಗೆಯ ಪಕ್ಕ ಕೂತು ಒಂದು ಕಣ್ಣು ಥರ್ಮಾಮೀಟರಿನ ಮೇಲೆ ಇಟ್ಟು ಹೆಣೆದದ್ದು ಆ ಹತ್ತನೆಯದು, ಬೆರಳು ತನಗೆ ಗೊತ್ತಿದ್ದ ದಾರಿಯಲ್ಲೇ ನಡೆದುಬಿಟ್ಟಿತು. ನೂರಾ ಎರಡು ಜ್ವರದಲ್ಲೂ ಈ ಹುಡುಗಿ ನೋಡುತ್ತಿದ್ದಳು, ಅಮ್ಮಾ, ಅದು ಅಜ್ಜಿ ಮಾಡಿದ್ದು ನಾ, ವೈ ಆರ್ ಯು ಓಪನಿಂಗ್ ಇಟ್, ಅಂದಳು. ಅಜ್ಜಿಗೆ ಬೇಜಾರಾಗಬಾರದಲ್ಲ ಪುಟ್ಟಾ, ಅಂದೆ. ಕಣ್ಣು ಮುಚ್ಚಿಕೊಂಡು, ನನ್ನ ಹೋಮ್‌ವರ್ಕ್ ಕೋಯೀ ಔರ್ ಮಾಡಿದ್ರೆ ಯು ಕಾಲ್ ಇಟ್ ಚೀಟಿಂಗ್, ಅಂದಳು. ಜ್ವರದ ಮಾತು ಅಂತ ಒದ್ದೆ ಬಟ್ಟೆ ತಿರುಗಿಸಿ ಹಾಕಿದೆ. ರಿಬ್ಬನ್ ಬಿಗಿಯಾಯಿತು ಅಂತ ಗೊಣಗುತ್ತಾಳೆ, ಸಡಿಲಿಸುತ್ತೇನೆ, ನೀರಿನ ಬಾಟಲಿ, ಮಫ್ಲರು, ಹೋಗು, ನಿಧಾನ.

ಬಕೆಟ್ಟಿನಲ್ಲಿ ನೆನೆಸಿದ್ದನ್ನು ಹಿಂಡಿ ಬಾಲ್ಕನಿಯಲ್ಲಿ ಹರವುತ್ತೇನೆ, ಕೆಳಗೆ ಸೆಕ್ಟರ್ ಫೈವಿನ ಕಂಪ್ಯೂಟರ್ ಕಂಪನಿಗಳ ಗಾಡಿಗಳು ಹಾರ್ನು ಹೊಡೆಯುತ್ತಿವೆ, ಈಗೀಗ ಪಾಡಾದ, ನಮ್ಮ ಬಡಾವಣೆಯ, ಪ್ರತಿ ತಿರುವಿನಲ್ಲೂ ಒಂದು ನಿಂತಿರುತ್ತದೆ. ಇವತ್ತಿನ ಫೋಟೋ ಎಲ್ಲ ಆ ನಮ್ರತಾಳಿಂದ, ಪಾಪ ಅವಳದೇನು ತಪ್ಪು, ಬೆಂಗಳೂರಿನ ಹುಡುಗಿ, ಸೆಕ್ಟರ್ ಫೈವಿನಲ್ಲೇ ಕೆಲಸ, ಕನ್ನಡ ಸಂಘದ ಊಟದಲ್ಲಿ ಸಿಕ್ಕಿ ಆಂಟಿ ನಿಮ್ಮ ಗ್ರೂಪಿನ ಬಗ್ಗೆ ನಮ್ಮ ಕಂಪನಿಯ ಪತ್ರಿಕೆಯಲ್ಲಿ ಹಾಕ್ತೀನಿ ಅಂದಳು, ಎಲ್ಲರಿಗಿಂತ ಹಿರಿಯರು ಯಾರು, ಅವರದೇ ಫೋಟೋ, ಅವರು ಮಾಡಿದ ಸ್ವೆಟರ್ ಕೈಯಲ್ಲಿ ಹಿಡಿದು. ಇಲ್ಲದಿದ್ದರೆ ಜೋಡಿಸಿದ ಮೇಲೆ ಗಂಗಕ್ಕನ ಕೈಗೆ ಸ್ವೆಟರು ಮತ್ತೆ ಹೋಗುವುದೇ ಇಲ್ಲ. ಒಂಬತ್ತು ಹೋದವು, ಅವರು ಮುಟ್ಟಲಿಲ್ಲ. ಮುಟ್ಟಿದ್ದರೂ ತಿಳಿಯುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಕದ್ದಿದ್ದೆ — ಕದ್ದಿದ್ದೆ ಅಂದುಕೊಂಡೆನೇ ಈಗ? ಅವರ ಕೈಯನ್ನು. ಬೇಗ ಹೋಗಬೇಕು. ಬೌದಿಯ ಚೀಲದಿಂದ ಇಟ್ಟಿಗೆ ಬಣ್ಣದ್ದನ್ನು ತೆಗೆದು ಹಳೆಯದು ಯಾವುದಾದರೂ, ಹಳೆಯದು ಎಲ್ಲಿದೆ, ಎಲ್ಲ ಕ್ಯಾನಿಂಗಿನಲ್ಲಿ ಮಕ್ಕಳ ಮೈಮೇಲಿದೆ. ಒಂದು ತೋಳಾದರೂ ಬಿಚ್ಚಿ ತಿರುಚಿ ಹೆಣೆಯಲು ಎಷ್ಟು ಹೊತ್ತು, ಅರ್ಧ ದಿನ, ಹುಚ್ಚಿ, ಗಂಟೆ ಹತ್ತು ದಾಟಿದೆ. ಅನ್ನಕ್ಕಿಟ್ಟ ಕುಕ್ಕರು ಆರಿಸಿದೆನೇ, ಮೆಟ್ಟಿಲಿಂದ ವಾಪಸು ಹತ್ತಿ ನೋಡುತ್ತೇನೆ, ಆರಿಸಿದ್ದೇನೆ.

ಟಾಲಿಗಂಜಿನ ಬಿಸಿಲು ಡಿಸೆಂಬರಿನಲ್ಲಿ ಎಷ್ಟು ಹಿತ, ಮಂಕಿ ಟೋಪಿ ಹಾಕಿದ ಮುದುಕರು ಪೇಪರು ಹಿಡಿದು ಕೂತಿದ್ದಾರೆ, ನಾನು ಮಾತ್ರ ಬೆವರುತ್ತಿದ್ದೇನೆ. ಇದೇ ಗಲ್ಲಿಯಲ್ಲಿ, ಇಪ್ಪತ್ತು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸತು, ಹಿಂದಿ ಬಾರದು ಬಂಗಾಳಿ ಬಾರದು, ಸೊಪ್ಪು ಮಾರುವವನ ಹತ್ತಿರ ಮೂಗಿಯ ಹಾಗೆ ನಿಂತು ಕನ್ನಡದಲ್ಲೇ ಗೊಣಗಿಕೊಳ್ಳುತ್ತಿದ್ದವಳಿಗೆ ಹಿಂದಿನಿಂದ ಒಂದು ದನಿ, ಮೈಸೂರ ಕಡೆಯಾಕಿ ಏನವಾ ನೀ? ಆ ದನಿಗೇ ಅತ್ತುಬಿಟ್ಟೆ. ಮರುದಿನ ಗರಿಯಾಹಾಟ್ ಮಾರ್ಕೆಟ್ಟಿನಿಂದ ಉಲ್ಲನ್ ತಂದು ಕೈಗೆ ಕಡ್ಡಿ ಕೊಟ್ಟರು, ಮನಿಯಾಗ ಒಬ್ಬಾಕಿ ಕೂತರ ತಲಿ ಕೆಡತದ, ಹೆಣಿ. ತವರಿಗೆ ಹೋಗಲಾಗದೆ ಪ್ರತೀಕ್ಷಾ ಇಲ್ಲೇ ಹುಟ್ಟಿದಾಗ ಬಾಣಂತನ ಮಾಡಿದ್ದೂ ಅವರೇ. ನನ್ನ ಮೊದಲ ಟೋಪಿಯಲ್ಲಿ ತೂತು ಬಿದ್ದಿತ್ತು. ಗಂಗಕ್ಕ ಹೆಬ್ಬೆರಳನ್ನು ಆ ತೂತಿನಲ್ಲಿ ತೂರಿಸಿ, ಇಲ್ಲಿ ನೋಡು ಅಂದರು, ಅಷ್ಟೇ, ಟೋಪಿಯನ್ನು ನನ್ನ ಮಡಿಲಿಗೆ ವಾಪಸು ಹಾಕಿದರು. ನಾನೇ ಬಿಚ್ಚಿದೆ. ನಾಲ್ಕು ಸಲ ಬಿಚ್ಚಿದೆ. ಅವರು ನನ್ನದೊಂದು ಕುಣಿಕೆಯನ್ನೂ ಯಾವತ್ತೂ ತಾವು ಬಿಚ್ಚಿದವರಲ್ಲ. ಇದು ಈಗ ಯಾಕೆ ನೆನಪಾಗಬೇಕು, ಎರಡು ಚಳಿಗಾಲ ಎಲ್ಲಿತ್ತು ಇದು.

ಕ್ಲಬ್ಬಿನ ಕೋಣೆಯಲ್ಲಿ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಕುರ್ಚಿ ಹಾಕಿದ್ದಾರೆ, ನಾನು ತಡವಾಗಿದ್ದೇನೆ, ಎಲ್ಲರೂ ಬಂದಿದ್ದಾರೆ, ಗಂಗಕ್ಕ ಇಳಕಲ್ ಸೀರೆ ಉಟ್ಟು ನಡುವೆ ಕೂತಿದ್ದಾರೆ, ಹೂ ಮುಡಿದಿದ್ದಾರೆ, ಯಾರು ಕೊಟ್ಟರೋ. ಬಸು ಬೌದಿ ಇಟ್ಟಿಗೆ ಬಣ್ಣದ್ದನ್ನು ಬಿಡಿಸಿ ಕೊಡವಿ ನಮ್ರತಾಗೆ ತೋರಿಸುತ್ತಿದ್ದಾರೆ, ಎಪ್ಪತ್ತೆಂಟು ವಯಸ್ಸು, ಈ ಕಣ್ಣು, ಆದರೂ ನೋಡು ನಮ್ಮ ಮಾಶಿಮಾ, ಈ ದೊಡ್ಡಮ್ಮನ ಕೈಯಲ್ಲಿ ಒಂದು ತಪ್ಪು ಸಿಗುವುದಿಲ್ಲ, ಈ ಸಲವಂತೂ ಮೆಷೀನಿನ ಹಾಗಿದೆ. ಮೆಷೀನಿನ ಹಾಗೆ. ಬೌದಿ ಅದನ್ನು ಗಂಗಕ್ಕನ ಮಡಿಲಲ್ಲಿ ಇಡುತ್ತಾರೆ. ಪಕ್ಕದ ಕುರ್ಚಿ ನನಗಾಗಿ ಖಾಲಿ ಇದೆ, ಕೂರುತ್ತೇನೆ, ಮೊದಲು ನಾನೇ ಹೇಳಿಬಿಡಬೇಕು, ಬಾಯಿ ತೆರೆಯುತ್ತೇನೆ, ಬಂದೆ ಗಂಗಕ್ಕ ಅಂತಷ್ಟೇ ಬರುತ್ತದೆ. ಬಾರವಾ, ಮಗಳು ಸಾಲಿಗೆ ಹೋದಳೇನು, ಅನ್ನುತ್ತಾರೆ. ಅಜ್ಜಿ ಸ್ವಲ್ಪ ಈ ಕಡೆ ನೋಡಿ, ಸ್ಮೈಲ್ ಮಾಡಿ, ಅನ್ನುತ್ತಾಳೆ ನಮ್ರತಾ. ಗಂಗಕ್ಕ ನಗುತ್ತಾರೆ, ನಗುತ್ತಲೇ ಹೆಬ್ಬೆರಳು ಅಂಚಿನಿಂದ ಹೊರಡುತ್ತದೆ, ಮೆಲ್ಲಗೆ, ಒಂದು ಸಾಲು, ಎರಡು, ಭುಜದ ಮೂರು ಗುಂಡಿಗಳನ್ನು ದಾಟುತ್ತದೆ, ಎದೆಗೆ ಇಳಿಯುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಅದೇ ಸಾಲು. ನಗು ಹಾಗೇ ಇದೆ, ಹೆಬ್ಬೆರಳು ಮಾತ್ರ ನಿಂತಿದೆ. ಕ್ಯಾಮರಾ ಮಿಂಚಿತು.

ಇದು ನಿನ್ನ ಕೈ, ಅಂದರು, ಕೇಳಿದ್ದಲ್ಲ, ಹೇಳಿದ್ದು, ಕನ್ನಡದಲ್ಲಿ, ಬೌದಿಗೆ ತಿಳಿಯದ ಹಾಗೆ. ಹೌದು ಗಂಗಕ್ಕ. ಇದೊಂದೇ ಏನು? ಇಲ್ಲ ಅಂದೆ, ಹೋದ ಚಳಿಗಾಲದಿಂದ ಅಂದೆ, ಹತ್ತು ಅಂದೆ, ನೀವು ನೊಂದುಕೊಳ್ಳಬಾರದು ಅಂತ — ಅಷ್ಟಕ್ಕೆ ಅವರು ತಲೆ ಅಲ್ಲಾಡಿಸಿದರು, ಆ ಮಾತು ಬೇಡ ಅನ್ನುವ ಹಾಗೆ. ನಮ್ರತಾ ಕ್ಯಾಮರಾ ಕೆಳಗಿಳಿಸಿದ್ದಾಳೆ, ಅವಳಿಗೆ ಕನ್ನಡ ಬರುತ್ತದೆ, ಕಿಟಕಿಯ ಕಡೆ ನೋಡುತ್ತಾಳೆ. ಬೌದಿ ಕೀ ಹೋಲೋ, ಏನಾಯಿತು, ಅನ್ನುತ್ತಾರೆ. ಗಂಗಕ್ಕ ಬೈದಾರು, ಬೈಯಲಿ, ಸ್ವೆಟರನ್ನು ನನ್ನ ಮಡಿಲಿಗೆ ಎಸೆದಾರು, ಎಸೆಯಲಿ. ಅವರು ನನ್ನ ಕಡೆ ವಾಲಿ, ತಮ್ಮದೇ ಕಳೆದ ಸಾಮಾನನ್ನು ವಿಚಾರಿಸುವ ಹಾಗೆ, ಸಣ್ಣ ದನಿಯಲ್ಲಿ ಕೇಳಿದರು, ಹತ್ತರಾಗ ನಂದು ಒಂದರೆ ಸಾಲು ಉಳಿಸೀಯೇನವಾ?

ಉಳಿಸಬಹುದಿತ್ತು. ನೀಲಿಯಲ್ಲಿ ತಪ್ಪಿದ್ದದ್ದು ಒಂದೇ ತೋಳು, ಬೆನ್ನು ಸರಿಯಿತ್ತು, ಎದೆ ಸರಿಯಿತ್ತು, ಉದ್ದ ಹೆಚ್ಚಾದದ್ದನ್ನು ಮೇಲಿನ ಗೇಣಷ್ಟೇ ಬಿಚ್ಚಿದ್ದರೆ ಸಾಕಿತ್ತು, ನನಗೆ ಬೇಗ ಆಗಬೇಕಿತ್ತು, ಅವರ ಸಾಲಿಗೆ ನನ್ನ ಸಾಲು ಸೇರಿಸುತ್ತ ಕೂರುವುದಕ್ಕಿಂತ ಬುಡದಿಂದ ಎಳೆದುಬಿಡುವುದು ಸುಲಭ, ದಾರದ ತುದಿ ಹಿಡಿದು ಎಳೆದರೆ ಸರಸರ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಪಾತ್ರೆ ತೊಳೆಯುವ ಮುಂಚೆ ಒಂದು ಬೆನ್ನು ಮುಗಿದುಹೋಗುತ್ತದೆ — ಅವರು ಕಾಯುತ್ತಿದ್ದಾರೆ, ಮುಖ ನನ್ನ ಕಡೆ ಇದೆ, ಕಣ್ಣು ಎಲ್ಲೋ ಇದೆ, ಮತ್ತು ಆ ಹೆಬ್ಬೆರಳು, ಇಟ್ಟಿಗೆ ಬಣ್ಣದ ಮೇಲೆ, ನನ್ನ ನುಣುಪಾದ ಸಾಲಿನ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿಕೊಂಡು, ಹೆಬ್ಬೆರಳು, ಅಲ್ಲೇ.