ಬಾಗಿಲ ಕೆಳಗಿನ ದಾರ

ಸಾಂಕ್ರಾಮಿಕದಿಂದ ಊರೆಲ್ಲ ಮುಚ್ಚಿದ್ದಾಗ ಅಮ್ಮನಿಗೆ ಜ್ವರ ಬಂತು. ಅವಳು ಒಳಕೋಣೆಯಲ್ಲಿ ಒಬ್ಬಳೇ ಉಳಿದಳು. ನಾನು ಅವಳ ಬಾಗಿಲ ಬಳಿ ಕುಂಡವಿಟ್ಟು ಅಲಸಂದೆ ಬೀಜ ಹಾಕಿದೆ. ಬಳ್ಳಿ ಹಬ್ಬಲೆಂದು ಅಮ್ಮ ಹಳೇ ಸ್ವೆಟರ್ ಬಿಚ್ಚಿ, ಕ್ರೋಶಾ ಕಡ್ಡಿಯಲ್ಲಿ ದಾರ ಹೆಣೆದು, ದಿನಕ್ಕೊಂದು ಗೇಣು ಬಾಗಿಲ ಕೆಳಗಿನಿಂದ ಹೊರಗೆ ತಳ್ಳುತ್ತಿದ್ದಳು. ನಾನು ಅದನ್ನು ಬಾಗಿಲ ಪಕ್ಕದ ಕಿಟಕಿಯ ಕಂಬಿಗೆ ಎಳೆದು ಕಟ್ಟುತ್ತಿದ್ದೆ.

"ನೀರು ಸುರಿದು ಸುರಿದು ಕೊಲ್ಬೇಡ ಕಣೇ. ಅದು ಗಿಡ, ಎಮ್ಮೆ ಅಲ್ಲ," ಎಂದು ಒಳಗಿನಿಂದ ಬೈಯುತ್ತಿದ್ದಳು. ನಮ್ಮಿಬ್ಬರಿಗೂ ದಿನದ ಸುಖ ಅಷ್ಟೇ.

ಹತ್ತನೇ ದಿನ ಉಸಿರು ಕಟ್ಟಿ ಅವಳನ್ನು ಆಸ್ಪತ್ರೆಗೆ ಒಯ್ದರು. ಅಣ್ಣ ಕೋಣೆಗೆ ಬೀಗ ಹಾಕಿ ಕೀಲಿ ನನಗೆ ಕೊಟ್ಟ.

ಮರುದಿನ ಬೆಳಿಗ್ಗೆ ಬಾಗಿಲ ಕೆಳಗೆ ಒಂದು ಗೇಣು ಹೊಸ ದಾರ ಬಿದ್ದಿತ್ತು. ಇದು ನಿನ್ನ ಕೆಲಸವೇ ಎಂದು ಅಣ್ಣನನ್ನು ಕೇಳಿದೆ.

"ನಂಗೆ ಗುಂಡಿ ಹೊಲಿಯೋಕೇ ಬರಲ್ಲ, ಕ್ರೋಶಾ ಹಾಕ್ತೀನಾ? ನೀನೇ ಎಳೆದಿರ್ತೀಯ," ಎಂದ ಅಣ್ಣ.

ಆಸ್ಪತ್ರೆಗೆ ಫೋನ್ ಮಾಡಿದೆ. "ನಿಮ್ಮಮ್ಮಂಗೆ ಪ್ರಜ್ಞೆ ಇಲ್ಲ," ಎಂದಳು ನರ್ಸ್. "ಆದ್ರೆ ಬೆರಳು ಮಾತ್ರ ಸುಮ್ನಿರಲ್ಲ ಕಣ್ರೀ, ಏನೋ ಹೆಣೀತಿರೋ ಹಾಗೆ ಆಡ್ತಾನೇ ಇರುತ್ತೆ."

ಈಗ ಆರು ದಿನವಾಯಿತು. ಎದ್ದ ಕೂಡಲೇ ದಾರ ಅಳೆಯುತ್ತೇನೆ, ಆಮೇಲೆ ಫೋನ್ ಮಾಡುತ್ತೇನೆ. ಇವತ್ತು ದಾರ ನಾಲ್ಕೇ ಬೆರಳಷ್ಟು ಬಂದಿತ್ತು. ಕೀಲಿ ಹಿಡಿದು ನೋಡುತ್ತಾ ನಿಂತೆ. ನಿಧಾನವಾಗಿ ಇನ್ನೊಂದು ಕುಣಿಕೆ ಹೊರಗೆ ಬಂತು.

ನಾನು ಬಾಗಿಲು ತೆರೆಯಲಿಲ್ಲ. ಬಳ್ಳಿಯ ತುದಿಯನ್ನು ಆ ದಾರಕ್ಕೆ ಸುತ್ತಿ ಹೇಳಿದೆ:

"ನಿಲ್ಲಿಸ್ಬೇಡಮ್ಮ. ಇದು ಇನ್ನೂ ಅರ್ಧ ಕಿಟಕೀನೂ ಹತ್ತಿಲ್ಲ."