ತಲೆಕೆಳಗಾದ ದಾಳಿಂಬೆ

ನಾನು ಒಂದು ಪರದೆಯಾಗಿದ್ದೆ. ಈಗ ಏನಾಗಿದ್ದೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯತನಕ ಮಾತಾಡುವ ತ್ರಾಣ ಉಳಿದರೆ.

ಹುಟ್ಟಿದ್ದು ಉದ್ದನೆಯ ಮೇಜಿನ ಮೇಲೆ. ಬಿಳಿ ಹತ್ತಿಬಟ್ಟೆಗೆ ಮರದ ಅಚ್ಚು ಒತ್ತಿ ಒತ್ತಿ ನನ್ನ ಮೈತುಂಬ ದಾಳಿಂಬೆ ಕೊಂಬೆ ಮೂಡಿಸಿದರು. ಹಸಿರೆಲೆ, ಕೆಂಪು ಹೂ, ಅಲ್ಲೊಂದು ಇಲ್ಲೊಂದು ಬಾಯಿಬಿಟ್ಟ ಹಣ್ಣು. ಅಚ್ಚೊತ್ತುವವನ ಅಜ್ಜನೂ ಅದೇ ಅಚ್ಚು ಒತ್ತಿದ್ದನಂತೆ. "ಇದು ಎಂದೂ ಹಳೇದಾಗೂದಿಲ್ಲ" ಎಂದು ಹೇಳಿ ಧಾರವಾಡದ ಅಂಗಡಿಯವನು ನನ್ನನ್ನು ಮಾರಿದ. ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಶಿಕ್ಷೆ ಎಂದು ತಿಳಿಯಲು ಐವತ್ತು ವರ್ಷ ಹಿಡಿಯಿತು.

ಕೊಂಡವರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅಂಬಾಬಾಯಿ ನಾಡಿಗೇರ, ಊರಿಗೆಲ್ಲ ಅಕ್ಕೋರು. ಹೊಲಿದವನು ಲೈನ್ ಬಜಾರಿನ ದಾವಲಸಾಬ. ಅವನು ಹೊಲಿದ ಪಟ್ಟೆ ಅಂಗಿಯಲ್ಲಿ ಪಟ್ಟೆ ಜೇಬಿನ ಮೇಲೂ ಗೆರೆ ತಪ್ಪುತ್ತಿರಲಿಲ್ಲ. ನಾಲ್ಕು ಪರದೆಗಳಲ್ಲಿ ಮೂರು ಮುಗಿದು, ನನ್ನ ಸರದಿ ಬಂದಾಗ ಯಾರೋ ಓಡಿಬಂದು ಅವನಿಗೆ ಮಗಳು ಹುಟ್ಟಿದ ಸುದ್ದಿ ಹೇಳಿದರು. ಅವನು ನಗುತ್ತಲೇ ಹೊಲಿದ. ಸರಳು ತೂರಿಸುವ ಮಡಿಕೆಯನ್ನು ನನ್ನ ತಲೆಯ ಬದಲು ಕಾಲ ಕಡೆ ಹೊಲಿದ. ಒಂದು ಕೈಯಲ್ಲಿ ಪರದೆ, ಇನ್ನೊಂದರಲ್ಲಿ ಫೇಡೆಯ ಪೊಟ್ಟಣ ಹಿಡಿದು ಅಕ್ಕೋರ ಮನೆಗೆ ಹೋದ.

ತೂಗುಹಾಕಿದ ಮೇಲೆ ನೋಡಿದರೆ ಮೂರರಲ್ಲಿ ಹೂ ಮೇಲಕ್ಕೆ, ನನ್ನಲ್ಲಿ ಕೆಳಕ್ಕೆ. ದಾವಲಸಾಬ ನನ್ನನ್ನು ಇಳಿಸಲು ಸರಳಿಗೆ ಕೈಹಾಕಿದ.

"ತಪ್ಪಾಗೇತ್ರಿ ಅಕ್ಕೋರ. ಕೊಡ್ರಿ, ಅರ್ಧ ತಾಸಿನ್ಯಾಗ ಸರಿ ಮಾಡಿ ತರ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ಎಂಜಿನಿಯರರ ಹೆಂಡತಿ ಒಳಗೆ ಬಂದರು. "ಇದೇನ್ರಿ, ಒಂದು ತಲೆಕೆಳಗ ಅದ?"

"ಮುಂಬೈಯಾಗ ಈಗ ಹಿಂಗ ಹಾಕ್ತಾರ್ರಿ" ಎಂದರು ಅಕ್ಕೋರು.

ಅಕ್ಕೋರು ಮುಂಬೈ ಕಂಡವರಲ್ಲ. ಸುಳ್ಳು ಹೇಳಬಾರದೆಂದು ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದವರು. ಮರುವಾರ ಎಂಜಿನಿಯರರ ಹೆಂಡತಿ ಬಟ್ಟೆ ಹಿಡಿದು ದಾವಲಸಾಬನ ಅಂಗಡಿಗೆ ಹೋಗಿ ತಮಗೂ ಒಂದು ತಲೆಕೆಳಗಿನದು ಬೇಕೆಂದರು. "ಅದು ನನ್ನ ಕೈಲೆ ಆಗೂದಿಲ್ರಿ" ಎಂದು ಅವನು ಕೈಮುಗಿದನಂತೆ.

ಆಮೇಲೆ ಪ್ರತಿ ರಂಜಾನಿಗೆ ಸುರಕುಂಬಾ ಪಾಯಸ ಕೊಡಲು ಬಂದಾಗ ಅವನ ಕಣ್ಣು ನನ್ನ ಮೇಲೆಯೇ. "ಈ ಸರ್ತಿಯರೆ ಕೊಡ್ರಿ ಅಕ್ಕೋರ. ಮಂದಿ ನಗ್ತಾರ."

"ಯಾರು ನಗ್ತಾರ? ಸುಮ್ಮನ ಕೂಡು, ಚಹಾ ಕುಡಿ."

ವರ್ಷಗಳು ಹೀಗೆ ಕಳೆದವು. ನಡುವೆ ಒಂದೇ ಬಣ್ಣದ ಪರದೆಗಳ ಕಾಲ ಬಂತು. ನಮ್ಮನ್ನು ಬೇವಿನೆಲೆಯೊಂದಿಗೆ ಟ್ರಂಕಿಗೆ ಹಾಕಿದರು. ನೆಮ್ಮದಿಯಾಗಿ ನಿದ್ದೆ ಹತ್ತುವಷ್ಟರಲ್ಲಿ ಹೂಬಳ್ಳಿ ಮತ್ತೆ ಬಂತೆಂದು ಹೊರಗೆಳೆದರು. ಆಮೇಲೆ ಬಿದಿರು ಚಾಪೆಯ ಕಾಲ. ಮತ್ತೆ ಟ್ರಂಕು, ಮತ್ತೆ ಕಿಟಕಿ. ನೆಲ ಒರೆಸುವ ಅರಿವೆಯಾಗಿ ಮುಗಿದುಹೋಗುವ ಭಾಗ್ಯ ಎಷ್ಟೋ ಸಾಮಾನ್ಯ ಬಟ್ಟೆಗಳಿಗೆ ಸಿಕ್ಕಿತು. ನನಗೆ ಸಿಗಲಿಲ್ಲ.

ಅಕ್ಕೋರು ತೀರಿಕೊಂಡ ಮೇಲೆ ಅವರ ತಮ್ಮನ ಮೊಮ್ಮಗಳು ಊರ್ಮಿಳಾ ಬಂದಳು. ಮನೆಗಳ ಒಳಾಂಗಣ ಸಿಂಗರಿಸುವುದು ಅವಳ ಉದ್ಯೋಗ. ನನ್ನನ್ನು ಬೆಳಕಿಗೆ ಹಿಡಿದು, "ಕ್ಲಾಸಿಕ್! ಈ ದಾಳಿಂಬೆ ಮತ್ತೆ ಬಂದದ" ಎಂದಳು. ನಾನು ಹೋಗಿದ್ದೆನಾದರೂ ಎಲ್ಲಿಗೆ?

ನನ್ನನ್ನು ಲೈನ್ ಬಜಾರಿಗೆ ಒಯ್ದಳು. ಅಲ್ಲಿನ ಹೊಲಿಗೆ ಅಂಗಡಿಯನ್ನು ಈಗ ಅಂದು ಹುಟ್ಟಿದ ಮಗಳು ಶಮಶಾದ್ ನಡೆಸುತ್ತಾಳೆ. ದಾವಲಸಾಬನಿಗೆ ಎಂಬತ್ತು. ಕಣ್ಣು ಮಂಜು. ಆದರೂ ಬೆರಳು ನನ್ನ ಮಡಿಕೆಗೆ ತಾಗಿದ್ದೇ ತಡ, "ಇದ ಅದು" ಎಂದು ಹೊಲಿಗೆ ಬಿಚ್ಚಲು ಕತ್ತರಿ ತೆಗೆದ.

"ಬಿಚ್ಚಬ್ಯಾಡ್ರಿ ಅಜ್ಜಾರ" ಎಂದಳು ಊರ್ಮಿಳಾ. "ಉಳಿದ ಮೂರು ಹರದು ಜೂಲಾಗ್ಯಾವ. ಇದೊಂದು ನನ್ನ ಸೋಫಾದ ಬೆನ್ನಿಗೆ ಬೇಕು. ಹಿಂಗ, ತಲೆಕೆಳಗ."

"ತಂಗಿ, ಅದು ತಪ್ಪೈತಿ."

"ಗೊತ್ತದ. ಅಕ್ಕಜ್ಜಿ ಹೇಳ್ಯಾಳ. 'ಅಂವಾ ಮಗಳು ಹುಟ್ಟಿದ ಖುಷಿಯೊಳಗ ಹೊಲದದ್ದು, ಅದನ್ನ ಬಿಚ್ಚಿ ಸರಿ ಮಾಡ್ಸೂದೇನದ' ಅಂದ್ಲು."

ದಾವಲಸಾಬ ಕತ್ತರಿ ಕೆಳಗಿಟ್ಟ. ಶಮಶಾದ್ ಸುಮ್ಮನೆ ಸೂಜಿಗೆ ದಾರ ಪೋಣಿಸುತ್ತ ಕೂತಳು. ಸೂಜಿಗೆ ಆಗಲೇ ದಾರವಿತ್ತು.

ಅಂದು ತಿಳಿಯದೆ ಮಾಡಿದ ತಪ್ಪಿಗೆ ಅರ್ಧ ತಾಸು ಸಾಕಾಗಿತ್ತು. ತಿಳಿದು ಮಾಡಲು ಮೂರು ದಿನ ಬೇಕಾಯಿತು. ಅವನ ಕೈ ನನ್ನನ್ನು ಮತ್ತೆ ಮತ್ತೆ ನೇರಕ್ಕೆ ತಿರುಗಿಸುತ್ತಿತ್ತು. ಮಗಳು ಮತ್ತೆ ಮತ್ತೆ ತಲೆಕೆಳಗು ಮಾಡಿ ಕೊಡುತ್ತಿದ್ದಳು.

ನನ್ನ ಹೆಚ್ಚಿನ ಪಾಲು ಊರ್ಮಿಳಾಳ ಜೊತೆ ಹೋಯಿತು. ಅದಕ್ಕೆ ಇನ್ನೂ ಎಷ್ಟು ಸಲ ಫ್ಯಾಷನ್ ಆಗುವುದು ಬಾಕಿಯಿದೆಯೋ, ಪಾಪ. ಉಳಿದ ತುಂಡಿನಲ್ಲಿ, ಅಂದರೆ ನನ್ನಲ್ಲಿ, ದಾವಲಸಾಬ ಮಷಿನ್ನಿನ ಮುಂದಿನ ತನ್ನ ಗುಂಡು ಸ್ಟೂಲಿಗೆ ಹೊದಿಕೆ ಹೊಲಿದುಕೊಂಡ.

"ಯಾವ ಕಡೆ ಮ್ಯಾಲ ಬರಬೇಕು, ಅಬ್ಬಾ?" ಶಮಶಾದ್ ಕೆಣಕಿದಳು.

ಅವನು ಸ್ಟೂಲನ್ನು ಒಂದು ಸುತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದ. ಇನ್ನೊಂದು ಸುತ್ತು ತಿರುಗಿಸಿದ. ಐವತ್ತು ವರ್ಷ ತಲೆಕೆಳಗಾಗಿ ನೇತಾಡಿದ ನಾನು ಈಗ ಮೇಲು ಕೆಳಗಿಲ್ಲದೆ ಮಲಗಿದ್ದೆ.

"ಈಗ ಸರಿ ಆತು" ಎಂದು ಹೇಳಿ ನನ್ನ ಮೇಲೆ ಭಾರ ಬಿಟ್ಟು ಕೂತ.