ಇನ್ನೂರು ಮಿಲಿ

ಹನ್ನೊಂದರ ಬೆಲ್ ಹೊಡೆಯುವ ಮೊದಲೇ ನ್ಯಾನ್ಸಿ ಕುದಿಸಿ ಆರಿಸಿದ ನೀರನ್ನು ಬಟ್ಟಲಿಗೆ ಬಗ್ಗಿಸಿ, ಬಾಗಿಲಿನ ಚಿಲಕ ಸರಿಯಾಗಿ ಬೀಳುತ್ತದೆಯೇ ಎಂದು ಒಮ್ಮೆ ಎಳೆದು ನೋಡುತ್ತಿದ್ದಳು. ಸರಸ್ವತಿಪುರಂನ ಆ ಶಾಲೆಯಲ್ಲಿ ಭದ್ರವಾದ ಚಿಲಕವೂ ಸಂಜೆಯವರೆಗೆ ನೀರು ಬರುವ ನಲ್ಲಿಯೂ ಒಟ್ಟಿಗೆ ಇದ್ದದ್ದು ಅವಳ ಕೋಣೆಯಲ್ಲಿ ಮಾತ್ರ.

ಶಾಲೆಗೆ ನರ್ಸ್ ಯಾಕೆ ಎಂದು ಕೇಳುವವರಿಗೆ ಕೊರತೆಯಿರಲಿಲ್ಲ. ಯಾರೋ ದಾನಿಗಳ ಒತ್ತಾಯದಿಂದ ತೊಂಬತ್ತೆಂಟರಲ್ಲಿ ಆ ಹುದ್ದೆ ಹುಟ್ಟಿದಾಗ ಮೂವರು ಮಕ್ಕಳಿದ್ದರು: ಫಿಟ್ಸ್ ಬರುವ ಒಬ್ಬ, ದಿನಾ ಇನ್ಸುಲಿನ್ ಬೇಕಾದ ಒಬ್ಬಳು, ಮತ್ತು ಶಿವಾನಿ. ಮೊದಲಿಬ್ಬರು ಏಳನೆಯ ತರಗತಿ ಮುಗಿಸಿ ಹೊರಟುಹೋದರು. ಎರಡು ಸಾವಿರದ ಒಂದರ ಹೊತ್ತಿಗೆ ಉಳಿದವಳು ನಾಲ್ಕನೆಯ ತರಗತಿಯ ಶಿವಾನಿಯೊಬ್ಬಳೇ. ಹುಟ್ಟುವಾಗಲೇ ಅವಳ ಬೆನ್ನುಹುರಿಯ ಕೆಳತುದಿ ಮುಚ್ಚಿಕೊಂಡಿರಲಿಲ್ಲ. ಕಾಲಿಗೆ ಕ್ಯಾಲಿಪರ್ ಹಾಕಿ ನಡೆಯುತ್ತಿದ್ದಳು. ಮೂತ್ರ ಬಂದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ತಾನಾಗಿ ಪೂರ್ತಿ ಹೋಗುತ್ತಲೂ ಇರಲಿಲ್ಲ. ಮೂರು ಗಂಟೆಗೊಮ್ಮೆ ತೆಳ್ಳಗಿನ ನಳಿಕೆ ಹಾಕಿ ತೆಗೆಯಬೇಕು. ತಡವಾದರೆ ಅದು ಹಿಂದಕ್ಕೆ ಏರಿ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಶಾಲೆಯಲ್ಲಿ ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ. ಅದು ನಡೆದರೆ ಶಿವಾನಿಗೆ ಶಾಲೆಯುಂಟು. ಇಲ್ಲದಿದ್ದರೆ ಮಂಡಿ ಮೊಹಲ್ಲಾದಲ್ಲಿ ಅಪ್ಪನ ಹಗ್ಗದ ಅಂಗಡಿಯ ಮೇಲಿನ ಕೋಣೆ, ಅದರ ಕಿಟಕಿ.

“ಎಷ್ಟಿದೆ ನೋಡು.”

“ಇನ್ನೂರು ಮಿಸ್.”

“ಕಣ್ಣು ಕೆಳಗೆ ತಂದು ನೋಡೇ. ಆಕಾಶದಿಂದ ನೋಡಿದ್ರೆ ಎಲ್ಲಾ ಇನ್ನೂರೇ ಕಾಣ್ಸುತ್ತೆ.”

ಶಿವಾನಿ ಮೇಜು ಹಿಡಿದು ಬಗ್ಗಿ, ಅಳತೆಯ ಜಾಡಿಯ ಗೆರೆಗೆ ಕಣ್ಣು ಸಮ ಮಾಡಿದಳು. “ನೂರಾ ಎಂಬತ್ತೈದು.”

“ಹಾಂ, ಹಂಗೇ ಬರಿ. ಇನ್ನೂರು, ಮುನ್ನೂರು ಅಂತ ಅಳ್ದು ಕೊಡಕ್ಕೆ ಮೈಯೇನು ಹಾಲಿನ ಡೈರಿನಾ?”

ಸಮಯ, ಮಿಲಿಲೀಟರ್, ಬಣ್ಣ ಎಂದು ಮೂರು ಖಾನೆಗಳಿದ್ದ ಪುಸ್ತಕ ಅದು. ಬಿ.ಎಸ್ಸಿ. ನರ್ಸಿಂಗಿನಲ್ಲಿ ಕಲಿತದ್ದೆಲ್ಲ ಮರೆತರೂ ಬರೆದಿಡುವುದನ್ನು ಮರೆಯಬಾರದು ಎನ್ನುವುದು ನ್ಯಾನ್ಸಿಯ ಹಟ.

ಮಗು ಬೆಳೆಯುತ್ತಿದೆ, ಜೀವನವಿಡೀ ಇನ್ನೊಬ್ಬರ ಕೈ ಕಾಯಬಾರದು ಎಂದು ಅವಳು ಒಂದು ಕೈಗನ್ನಡಿ ತಂದು, ನಳಿಕೆಯನ್ನು ತಾನೇ ಹಾಕಿಕೊಳ್ಳುವುದನ್ನು ಆರು ತಿಂಗಳು ಕಲಿಸಿದಳು. ಶಿವಾನಿ ಎಷ್ಟೋ ಸಲ ಅತ್ತಳು, ಒಮ್ಮೆ ಕನ್ನಡಿಯನ್ನೇ ಎಸೆದಳು. ಫೆಬ್ರವರಿಯ ಒಂದು ದಿನ ಪರದೆಯ ಹಿಂದಿನಿಂದ ಕೂಗು ಕೇಳಿಸಿತು: “ಮಿಸ್, ಬಂತು ಬಂತು! ನಮ್ಮನೆ ನಲ್ಲೀಲಿ ಕಾವೇರಿ ಬಂದಂಗೆ ಬಂತು!”

ಹದಿನೈದು ದಿನ ತಾನು ಕೈ ಹಚ್ಚದೆ ನೋಡಿ, ನ್ಯಾನ್ಸಿ ಪುಸ್ತಕ ಹಿಡಿದು ಮುಖ್ಯೋಪಾಧ್ಯಾಯ ಬಿಂದುಮಾಧವರ ಕೋಣೆಗೆ ಹೋದಳು. ಅವರಿಗೂ ಸಂತೋಷವಾಯಿತು, ಕಾಫಿ ತರಿಸಿದರು.

“ಹಾಗಾದ್ರೆ ಮಗು ಸ್ವತಂತ್ರ ಆಯ್ತು ಅನ್ನಿ.”

“ಪೂರ್ತಿ ಸರ್. ಯಾರ ಸಹಾಯವೂ ಬೇಡ.”

ಏಪ್ರಿಲಿನಲ್ಲಿ ಬಂದ ಪತ್ರದಲ್ಲಿ ಆ ಮಾತು ಹಾಗೆಯೇ ಇತ್ತು. ಯಾರ ಸಹಾಯವೂ ಬೇಡವೆಂದು ತಾವೇ ತಿಳಿಸಿರುವುದರಿಂದ ನರ್ಸ್ ಹುದ್ದೆಯನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ.

“ಸರ್, ಸಹಾಯ ಬೇಡ ಅಂದೆ. ಕೋಣೆ ಬೇಡ ಅನ್ಲಿಲ್ಲ.”

“ಪೇರೆಂಟ್ಸ್ ಕಂಪ್ಯೂಟರ್ ಕಂಪ್ಯೂಟರ್ ಅಂತ ಪ್ರಾಣ ತಿಂತಿದಾರೆ ಸಿಸ್ಟರ್. ಅವನ್ನಿಡೋಕೆ ಭದ್ರವಾದ ಬಾಗ್ಲು ಇರೋದು ನಿಮ್ಮ ಕೋಣೆಗೆ ಮಾತ್ರ. ಮಗೂಗೆ ಟೀಚರ್ಸ್ ಟಾಯ್ಲೆಟ್ ಬಿಟ್ಕೊಡ್ತೀವಿ, ನೀವು ಯೋಚ್ನೆ ಮಾಡ್ಬೇಡಿ.”

ನ್ಯಾನ್ಸಿಗೆ ಕೃಷ್ಣಮೂರ್ತಿಪುರಂನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುನ್ನ ಹೊಸ ಪುಸ್ತಕಕ್ಕೆ ಗೆರೆ ಎಳೆದು ಶಿವಾನಿಗೆ ಕೊಟ್ಟು, ತಿಂಗಳ ಕೊನೆಗೆ ಅಮ್ಮನ ಕೈಲಿ ಕಳಿಸು ಎಂದಿದ್ದಳು. ಜೂನಿನ ಪುಟಗಳು ಚೆನ್ನಾಗಿದ್ದವು: ನೂರಾ ಎಪ್ಪತ್ತು, ಇನ್ನೂರ ಐದು, ನೂರಾ ತೊಂಬತ್ತೈದು. ಜುಲೈ ಕೊನೆಗೆ ತಾಯಿ ಸರ್ವಮಂಗಳಾ ಬಂದದ್ದು ಡ್ಯೂಟಿ ಬದಲಾಗುವ ಹೊತ್ತಿಗೆ. ಒಳಗೆ ಯಾರಿಗೋ ಡ್ರಿಪ್ ಮುಗಿಯುತ್ತ ಬಂದಿತ್ತು.

“ಎಲ್ಲಾ ಬರ್ದವ್ಳೆ ಸಿಸ್ಟರ್, ಒಂದು ದಿನಾನೂ ತಪ್ಪಿಸಿಲ್ಲ ಕಣ್ರೀ.”

ನ್ಯಾನ್ಸಿ ನಿಂತಲ್ಲೇ ಪುಟ ಮಗುಚಿದಳು. ಖಾಲಿ ಖಾನೆಗಾಗಿ ಹುಡುಕಿದಳು, ಒಂದೂ ಇರಲಿಲ್ಲ. ಕೆಳಗೆ ‘ಗುಡ್’ ಎಂದು ಬರೆದು ಸಹಿ ಹಾಕಿದಳು. ಆಗಸ್ಟಿನ ಕೊನೆಗೂ ಹಾಗೆಯೇ.

ಸೆಪ್ಟೆಂಬರಿನ ಎರಡನೆಯ ವಾರ ಗಡಗಡ ನಡುಗುತ್ತಿದ್ದ ಶಿವಾನಿಯನ್ನು ಅದೇ ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಬಂದರು. ಜ್ವರ ನೂರಾ ನಾಲ್ಕು. ಬಲಗಡೆಯ ಮೂತ್ರಪಿಂಡ ಊದಿಕೊಂಡಿದೆ, ಅದರ ಒಂದು ಭಾಗ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದರು ಡಾಕ್ಟರು.

ನ್ಯಾನ್ಸಿ ಪುಸ್ತಕ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತಳು. ಈ ಸಲ ಖಾಲಿ ಖಾನೆ ಹುಡುಕಲಿಲ್ಲ, ಅಂಕಿಗಳನ್ನು ಓದಿದಳು. ಜುಲೈ ಮೂರರಿಂದ ಇನ್ನೂರು, ಇನ್ನೂರು, ಇನ್ನೂರು. ಯಾವ ಮಗುವಿನ ಮೈಯೂ ಎರಡು ದಿನ ಒಂದೇ ಅಳತೆ ಕೊಡುವುದಿಲ್ಲ. ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ, ಸಿಹಿ ಹಂಚಿ ಹತ್ತು ಗಂಟೆಗೆಲ್ಲ ಶಾಲೆ ಬಿಟ್ಟಿರುತ್ತದೆ. ಶಾಲೆಯಲ್ಲಿ ತೆಗೆದದ್ದನ್ನಷ್ಟೇ ಬರೆಯಬೇಕಾದ ಆ ಪುಸ್ತಕದಲ್ಲಿ ಆ ದಿನವೂ ಹನ್ನೊಂದಕ್ಕೆ ಇನ್ನೂರು, ಎರಡಕ್ಕೆ ಇನ್ನೂರು. ಅದರ ಕೆಳಗೆ ತನ್ನದೇ ‘ಗುಡ್’.

ಜ್ವರ ಇಳಿದ ಮೇಲೆ ಕೇಳಿದಳು. “ಯಾಕೆ ಪುಟ್ಟ?”

“ಟೀಚರ್ಸ್ ಟಾಯ್ಲೆಟ್‌ಗೆ ಬೀಗ ಹಾಕ್ಬುಟ್ರು ಮಿಸ್. ಕೀ ಕೇಳಿದ್ರೆ, ನೀನು ಒಳಗೋದ್ರೆ ಅರ್ಧ ಗಂಟೆ, ನಾವೆಲ್ಲೇ ಹೋಗೋಣ ಅಂತಾರೆ. ಹುಡ್ಗೀರ ಟಾಯ್ಲೆಟ್‌ಗೆ ಚಿಲಕ ಇಲ್ಲ. ಒಂದಿನ ಬಾಗ್ಲು ತಳ್ಬುಟ್ಟು ಎಲ್ಲಾರೂ ನೋಡಿದ್ರು.” ಅವಳು ಗೋಡೆಯ ಕಡೆ ತಿರುಗಿದಳು. “ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ. ಕುಡೀದಿದ್ರೆ ಬರಲ್ವಲ್ಲ.”

“ಅಮ್ಮಂಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಸ್ಕೂಲ್ ಬಿಡಿಸ್ತಾರೆ. ಖಾನೆ ತುಂಬಿರ್ಬೇಕು ಅಷ್ಟೆ. ನೀವೂ ಗುಡ್ ಅಂತ ಬರೆದ್ರಿ.”

ಮರುದಿನ ಬಿಂದುಮಾಧವರು ಹಾರ್ಲಿಕ್ಸ್ ಬಾಟಲಿಯೊಂದಿಗೆ ಬಂದರು. ಪುಸ್ತಕವನ್ನು ನ್ಯಾನ್ಸಿಗಿಂತ ನಿಧಾನವಾಗಿ, ಪುಟ ಪುಟವೂ ನೋಡಿದರು.

“ಎರಡು ತಿಂಗಳೂ ನಿಮ್ಮ ಸೈನೇ ಇದೆಯಲ್ಲ ಸಿಸ್ಟರ್. ಇದೆಲ್ಲ ಓದ್ಕೊಂಡವ್ರು ನೀವು. ನಿಮಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನಮಗೆಲ್ಲಿ ಗೊತ್ತಾಗ್ಬೇಕು?”

ನ್ಯಾನ್ಸಿಗೆ ಬೀಗದ ಮಾತು ಬಾಯಿಗೆ ಬಂತು, ಆಡಿದಳು ಕೂಡ. ವಿಚಾರಿಸ್ತೀನಿ ಎಂದರು. ಹೋಗುವಾಗ ಸರ್ವಮಂಗಳಾಳ ಕೈಗೆ ಒಂದು ಲಕೋಟೆ ಕೊಟ್ಟರು. ಒಳಗೆ ವರ್ಗಾವಣೆ ಪತ್ರ. ಶಾಲೆ ಬಿಡಲು ಕಾರಣ, ಪೋಷಕರ ಕೋರಿಕೆ.

“ನಾನ್ಯಾವಾಗ ಕೇಳ್ದೆ ಸಿಸ್ಟರ್?” ಎಂದು ಆಕೆ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

ಎರಡು ಗಂಟೆಗೆ ನ್ಯಾನ್ಸಿ ಜಾಡಿಯನ್ನು ಮಲಗಿದ್ದ ಮಗುವಿನ ಕಣ್ಣಿನ ಮಟ್ಟಕ್ಕೆ ಹಿಡಿದಳು. ತಳದಲ್ಲಿ ಕೆಂಪು ಬೆರೆತ ಕಲಕು ನೀರು.

“ನಲವತ್ತೈದು,” ಎಂದಳು ಶಿವಾನಿ. ಆಮೇಲೆ ಪೆನ್ನಿಗಾಗಿ ಕೈ ಚಾಚಿದಳು. “ಕೊಡಿ ಮಿಸ್. ಇನ್ನು ಸ್ಕೂಲ್ ಇಲ್ವಲ್ಲ, ಸರಿಯಾಗೇ ಬರೀತೀನಿ.”